ಚಿಯಾಂಗ್ ಮಾಯ್‌ನಲ್ಲಿ ಬಾಡಿಗೆ ಸ್ಕೂಟರ್, ಸಮೋಂಗ್ ಸುತ್ತು: ದಾರಿಗೆ ಪೂರ್ತಿ ಅಂಕ, ಅಂಗಡಿಗೆ ಮೂರು

ಮೊದಲು ಕೊಟ್ಟ ಗಾಡಿಯ ಮುಂದಿನ ಟಯರ್ ನಮ್ಮನೆ ಲಟ್ಟಣಿಗೆ ಥರ ನುಣ್ಣಗಿತ್ತು. ಬೆರಳಿಟ್ಟು ತೋರಿಸಿದೆ. ಅಂಗಡಿಯ ಹುಡುಗ ನಕ್ಕು 'ನೋ ಪ್ರಾಬ್ಲಮ್' ಅಂದ. ನಿನಗೆ ಪ್ರಾಬ್ಲಮ್ ಇಲ್ಲಪ್ಪಾ, ಗುಡ್ಡ ಹತ್ತೋದು ನಾವು ಅಂತ ಕನ್ನಡದಲ್ಲೇ ಹೇಳಿದೆ. ಅವನಿಗೆ ಭಾಷೆ ಅರ್ಥವಾಗದಿದ್ದರೂ ನನ್ನ ಮುಖ ಅರ್ಥವಾಯಿತು ಅನ್ಸುತ್ತೆ, ಒಳಗೆ ಹೋಗಿ ಇನ್ನೊಂದು ಹೋಂಡಾ ಕ್ಲಿಕ್ 125 ತಳ್ಳಿಕೊಂಡು ಬಂದ. ಅದರ ಟಯರ್ ಹೊಸದು, ಬ್ರೇಕೂ ಸರಿ ಇತ್ತು. ಅಂದ್ರೆ ಒಳ್ಳೆ ಗಾಡಿ ಇತ್ತು, ಕೇಳಿದವರಿಗೆ ಮಾತ್ರ ಕೊಡೋದು. ಇದಕ್ಕೇ ಅಂಗಡಿಗೆ ಐದರಲ್ಲಿ ಮೂರು ಅಂಕ. ಹೆಸರು ಬರೆಯಲ್ಲ, ಆ ಬೀದಿಯಲ್ಲಿ ಇಂಥ ಹತ್ತಾರು ಅಂಗಡಿ ಇವೆ, ಎಲ್ಲಿ ತಗೊಂಡರೂ ಇದೇ ಪರೀಕ್ಷೆ ಮಾಡಿ ತಗೊಳ್ಳಿ.

ನಾನೂ ನನ್ನ ಹೆಂಡತಿಯೂ 2024ರ ಡಿಸೆಂಬರ್‌ನಲ್ಲಿ ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ಹೋಗಿದ್ದೆವು. ಐದು ದಿನ. ಅದರಲ್ಲಿ ಒಂದು ದಿನ ಪೂರ್ತಿ ಸಮೋಂಗ್ ಸುತ್ತಿಗೆ ಇಟ್ಟಿದ್ದೆವು. ಊರಿನ ಉತ್ತರಕ್ಕೆ ಹೊರಟು, ಪಶ್ಚಿಮದ ಬೆಟ್ಟಗಳನ್ನು ಬಳಸಿ, ದಕ್ಷಿಣದ ಕಡೆಯಿಂದ ಮತ್ತೆ ಊರಿಗೆ ಬರುವ ದಾರಿ, ಸುಮಾರು 100 ಕಿಲೋಮೀಟರ್. ಸುಮ್ನೆ ಓಡಿಸಿದರೆ ಮೂರು ಗಂಟೆ. ನಾವು ಬೆಳಗ್ಗೆ ಎಂಟಕ್ಕೆ ಹೊರಟು ಸಂಜೆ ಆರಕ್ಕೆ ಬಂದೆವು. ಅವಸರ ಇರುವವರು ಈ ದಾರಿಗೆ ಹೋಗದಿದ್ದರೇ ಒಳ್ಳೇದು.

ದುಡ್ಡಿನ ಲೆಕ್ಕ ಮೊದಲು. ಬಾಡಿಗೆ ದಿನಕ್ಕೆ 250 ಬಾತ್. ಒಂದು ಬಾತ್ ಅಂದ್ರೆ ಆಗ ನಮ್ಮ ಸುಮಾರು ಎರಡೂವರೆ ರೂಪಾಯಿ. ಡಿಪಾಸಿಟ್ 3,000 ಬಾತ್ ನಗದು. ಪಾಸ್‌ಪೋರ್ಟನ್ನೇ ಇಟ್ಟು ಹೋಗಿ ಅಂತಲೂ ಕೇಳುತ್ತಾರೆ. ಕೊಡಬೇಡಿ, ದುಡ್ಡು ಇಡಿ, ಬೇಕಾದರೆ ಪಾಸ್‌ಪೋರ್ಟಿನ ಜೆರಾಕ್ಸ್ ಕೊಡಿ. ಗಾಡಿಗೆ ಏನಾದರೂ ಆಗಿ ಜಗಳ ಬಂದರೆ ನಿಮ್ಮ ಪಾಸ್‌ಪೋರ್ಟ್ ಅವರ ಮೇಜಿನ ಡ್ರಾಯರ್‌ನಲ್ಲಿ ಇರಬಾರದು. ರಸೀದಿಯಲ್ಲಿ ಇಸವಿ 2567 ಅಂತ ಬರೆದಿತ್ತು, ಒಂದು ಕ್ಷಣ ಗಾಬರಿಯಾಯಿತು. ಅವರದು ಬುದ್ಧನ ಶಕೆ, ನಮ್ಮ ಕ್ಯಾಲೆಂಡರಿಗಿಂತ 543 ವರ್ಷ ಮುಂದೆ.

ಇನ್ನು ಲೈಸೆನ್ಸ್. ಅಂಗಡಿಯವನು ಕೇಳಲೇ ಇಲ್ಲ. ಅವನು ಕೇಳಲಿಲ್ಲ ಅಂತ ಬೇಡ ಅಂದುಕೊಂಡರೆ ಕೆಟ್ಟಿರಿ. ಪೊಲೀಸರು ಕೇಳುತ್ತಾರೆ, ಅದಕ್ಕಿಂತ ಮುಖ್ಯ, ಸರಿಯಾದ ಲೈಸೆನ್ಸ್ ಇಲ್ಲದೆ ಬಿದ್ದರೆ ಟ್ರಾವೆಲ್ ಇನ್ಶೂರೆನ್ಸ್‌ನವರು ಆಸ್ಪತ್ರೆ ಬಿಲ್ಲಿಗೆ ಕೈ ಎತ್ತಿಬಿಡುತ್ತಾರೆ. ನಮ್ಮ ಆರ್‌ಟಿಓದಲ್ಲೇ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಬಹುದು, ಒಂದು ವರ್ಷ ನಡೆಯುತ್ತದೆ. ಅದರಲ್ಲಿ ಬರೀ ಕಾರಿನ ಖಾನೆಗೆ ಅಲ್ಲ, ಬೈಕಿನ ಖಾನೆಗೂ ಮುದ್ರೆ ಬಿದ್ದಿದೆಯಾ ನೋಡಿಕೊಳ್ಳಿ. ಹಳೆ ಊರಿನ ಸುತ್ತ ಚೌಕಾಕಾರದ ನೀರಿನ ಕಂದಕ ಇದೆ. ನಮ್ಮನ್ನು ತಡೆದದ್ದು ಅದರ ಪಕ್ಕದ ರಸ್ತೆಯಲ್ಲೇ. ಪರ್ಮಿಟ್ಟು, ಊರಿನ ಡಿಎಲ್ಲು ಎರಡೂ ತೋರಿಸಿದೆ. ಒಂದು ನಗು, ಒಂದು ವಾಯ್ (ಅದೇ, ಕೈಮುಗಿಯೋದು), ಹೋಗಿ ಅಂದರು. ನಮ್ಮ ಹಿಂದೆ ನಿಂತಿದ್ದ ಹುಡುಗರು ಇನ್ನೂ ಅಲ್ಲೇ ಇದ್ದರು. ಹೆಲ್ಮೆಟ್ ಹಿಂದೆ ಕೂತವರಿಗೂ ಕಡ್ಡಾಯ. ಅಂಗಡಿಯವರು ಮೊದಲು ಕೊಟ್ಟದ್ದು ಅರ್ಧ ತಲೆಗೆ ಕೂರುವ ಮೊಟ್ಟೆ ಚಿಪ್ಪು. ಕೇಳಿದರೆ ಒಳಗಿಂದ ಒಳ್ಳೆಯದು ಬಂತು. ಕೇಳಿದರೆ, ಅಷ್ಟೇ.

ಟ್ಯಾಂಕಿನಲ್ಲಿ ಒಂದೇ ಗೀಟು ಪೆಟ್ರೋಲ್ ಇತ್ತು. ಊರು ದಾಟುವ ಮೊದಲೇ ತುಂಬಿಸಿ. ಬಂಕಿನಲ್ಲಿ 'ತೆಮ್ ಥಂಗ್' ಅಂದರೆ ಫುಲ್ ಟ್ಯಾಂಕ್. ಇಡೀ ದಿನಕ್ಕೆ ನಮಗೆ ನೂರು ಬಾತ್ ಹತ್ತಿರ ಸಾಕಾಯಿತು. ಬೆಟ್ಟದ ಹಳ್ಳಿಗಳಲ್ಲಿ ಗಾಜಿನ ಬಾಟಲಿಯಲ್ಲಿ ಪೆಟ್ರೋಲ್ ಮಾರುತ್ತಾರೆ, ಕೆಂಪಗೆ, ಹಳದಿಗೆ, ದೂರದಿಂದ ನೋಡಿದರೆ ಶರಬತ್ತು ಇಟ್ಟ ಹಾಗೆ. ಕಷ್ಟಕಾಲಕ್ಕೆ ಸರಿ.

ಉತ್ತರಕ್ಕೆ ಹೋಗುವ 107ನೇ ಹೆದ್ದಾರಿ ಬೇಜಾರಿನ ರಸ್ತೆ. ಅಗಲ, ಲಾರಿ, ಬಿಸಿಲು. ಅಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸೋದು, ಅದೊಂದು ದೊಡ್ಡ ನೆಮ್ಮದಿ. ಹಾರ್ನ್ ಇಲ್ಲ. ಅರ್ಧ ಗಂಟೆ ಓಡಿಸಿದ ಮೇಲೆ ನನ್ನವಳು, "ರೀ, ಇಲ್ಲಿ ಯಾರ ಗಾಡಿಗೂ ಹಾರ್ನ್ ಇಲ್ವಾ?" ಅಂದಳು. ಇದೆ. ಅದನ್ನು ಅವರು ಎಲ್ಲಿ ಒತ್ತುತ್ತಾರೆ ಅಂತ ಮಧ್ಯಾಹ್ನ ಗೊತ್ತಾಯಿತು, ಆಮೇಲೆ ಹೇಳುತ್ತೇನೆ.

ಮೇ ರಿಮ್‌ನಲ್ಲಿ ಎಡಕ್ಕೆ ತಿರುಗಿದರೆ 1096ನೇ ರಸ್ತೆ. ಇಲ್ಲಿಂದ ಬೆಟ್ಟ. ಈ ಕಡೆಯ ಊರು, ಹೊಳೆಗಳ ಹೆಸರಿನಲ್ಲೆಲ್ಲ 'ಮೇ' ಸೇರಿರುತ್ತದೆ. ಮೇ ಅಂದರೆ ತಾಯಿ, ನಾವು ಕಾವೇರಮ್ಮ ಅನ್ನುವ ಹಾಗೆ. ಆದರೆ ಮೇ ಸಾ ಹೊಳೆಯ ಕಣಿವೆಯ ಮೊದಲ ಹತ್ತು ಹದಿನೈದು ಕಿಲೋಮೀಟರ್ ಪೂರ್ತಿ ಟಿಕೆಟ್ ಕೌಂಟರ್. ಹುಲಿ ಜೊತೆ ಫೋಟೋ, ಆನೆ ಕ್ಯಾಂಪ್, ಆರ್ಕಿಡ್ ತೋಟ, ಹೀಗೇ ಬೋರ್ಡಿನ ಮೇಲೆ ಬೋರ್ಡು. ಹುಲಿ, ಆನೆ ನೋಡೋಕೆ ನಾಗರಹೊಳೆ ಪಕ್ಕದವರು ಇಲ್ಲಿಗೆ ಬಂದು ಟಿಕೆಟ್ ತಗೋಬೇಕಾ? ಮುಂದೆ ಹೋದೆವು. ರಾಣಿ ಸಿರಿಕಿತ್ ಬೊಟಾನಿಕ್ ಗಾರ್ಡನ್ ಕೂಡ ಇದೇ ದಾರಿಯಲ್ಲಿದೆ. ಮರದ ತುದಿಯ ಎತ್ತರದಲ್ಲಿ ನಡೆಯುವ 400 ಮೀಟರ್ ಸೇತುವೆ ಅಲ್ಲಿದೆ, ಚೆನ್ನಾಗಿದೆ ಅಂತಾರೆ, ಆದರೆ ಅದಕ್ಕೆ ಅರ್ಧ ದಿನ ಬೇಕು. ಬಿಟ್ಟೆವು.

ಮೇ ಸಾ ಜಲಪಾತಕ್ಕೆ ಮಾತ್ರ ನಿಂತೆವು. ಹತ್ತು ಹಂತದಲ್ಲಿ ಇಳಿಯುವ ನೀರು. ಜೋಗ ನೋಡಿದವರ ಕಣ್ಣಿಗೆ ಇದು ಹಳ್ಳ. ಆದರೆ ಒಂದೊಂದು ಹಂತದ ಪಕ್ಕದಲ್ಲೂ ಚಾಪೆ ಹಾಸಿಕೊಂಡು, ಬುತ್ತಿ ಬಿಚ್ಚಿಕೊಂಡು, ಅಜ್ಜಿಯಿಂದ ಕೂಸಿನ ತನಕ ಕೂತಿದ್ದರು, ಅದು ಚೆಂದ. ವಿದೇಶಿಯರಿಗೆ ಟಿಕೆಟ್ ದರ ಬೇರೆ, ಜಾಸ್ತಿ. ಹಂಪಿಯಲ್ಲಿ ನಾವು ಮಾಡೋದೂ ಅದನ್ನೇ, ಆದ್ದರಿಂದ ದೂರು ಇಲ್ಲ.

ಪೋಂಗ್ ಯೇಂಗ್ ಅನ್ನುವ ಊರಿನ ಹತ್ತಿರ ಬಲಕ್ಕೆ ಮೋನ್ ಜಾಮ್ ಅನ್ನುವ ಗುಡ್ಡಕ್ಕೆ ದಾರಿ. ಹ್ಮೋಂಗ್ ಅನ್ನುವ ಬೆಟ್ಟದ ಬುಡಕಟ್ಟು ಜನರ ಊರು. ಈ ಬೆಟ್ಟಗಳಲ್ಲಿ ಹಿಂದೆ ಅಫೀಮು ಬೆಳೆಯುತ್ತಿದ್ದರು. 1969ರಲ್ಲಿ ರಾಜ ಭೂಮಿಬೋಲ್ ಶುರು ಮಾಡಿದ ರಾಯಲ್ ಪ್ರಾಜೆಕ್ಟ್, ಅದರ ಬದಲು ಚಳಿ ನಾಡಿನ ತರಕಾರಿ, ಹಣ್ಣು, ಹೂವು ಬೆಳೆಯೋದನ್ನು ತಂದಿತು. ಈಗ ಗುಡ್ಡದ ತುಂಬ ಮೆಟ್ಟಿಲು ಮೆಟ್ಟಿಲಾಗಿ ಎಲೆಕೋಸು. ಕೊನೆಯ ಏರಿನಲ್ಲಿ ನಮ್ಮ 125 ಸಿಸಿ ಅಳೋಕೆ ಶುರು ಮಾಡಿತು. ಇಬ್ಬರು, ಒಂದು ಬ್ಯಾಗು, ಬೆಳಗಿನ ತಿಂಡಿ ಬೇರೆ. ಸ್ಪೀಡೋಮೀಟರ್ ಮುಳ್ಳಿದ್ದಿದ್ದರೆ ನಾಚಿಕೊಳ್ಳುತ್ತಿತ್ತು, ಪುಣ್ಯಕ್ಕೆ ಡಿಜಿಟಲ್. ಇಬ್ಬರು ಹೋಗುವವರು 150 ಮೇಲಿನ ಗಾಡಿ ತಗೊಳ್ಳಿ, ಸ್ವಲ್ಪ ದುಡ್ಡು ಜಾಸ್ತಿ ಆದರೂ ಚಿಂತೆಯಿಲ್ಲ. ಮೇಲೆ ನೋಟ ಚೆನ್ನಾಗಿದೆ, ಟೆಂಟುಗಳು ಜಾಸ್ತಿ ಆಗಿವೆ. ಕಾಫಿ ಕುಡಿದು ಇಳಿದೆವು.

ಸಮೋಂಗ್ ಊರು ಸುತ್ತಿನ ದಾರಿಯ ಮೇಲೇ ಇಲ್ಲ, ಕೆಲವು ಕಿಲೋಮೀಟರ್ ಒಳಗೆ ಇಳಿಯಬೇಕು. ಬಹಳ ಜನ ಮೇಲಿನ ವ್ಯೂ ಪಾಯಿಂಟಿನಲ್ಲಿ ಫೋಟೋ ಹೊಡೆದು ವಾಪಸ್ ಹೋಗುತ್ತಾರೆ. ಇಳಿಯಿರಿ, ದಯವಿಟ್ಟು. ಕಣಿವೆ ನಡುವೆ ಮಲಗಿದ ಊರು, ರಸ್ತೆ ಮಧ್ಯೆ ಮಲಗಿದ ನಾಯಿ. ಗಾಡಿ ಬಂದರೆ ಅವು ಏಳಲ್ಲ, ನೀವೇ ಬಳಸಿಕೊಂಡು ಹೋಗಬೇಕು. ಇದು ಸ್ಟ್ರಾಬೆರಿಗೆ ಹೆಸರಾದ ಜಾಗ. ಡಿಸೆಂಬರ್‌ನಲ್ಲಿ ಸುಗ್ಗಿ ಆಗಷ್ಟೇ ಶುರು, ರಸ್ತೆ ಬದಿಯಲ್ಲಿ ಡಬ್ಬಿ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಸ್ವಲ್ಪ ಹುಳಿ, ಜೊತೆಗೆ ಖಾರ ಬೆರೆಸಿದ ಸಕ್ಕರೆ ಉಪ್ಪು ಕೊಟ್ಟರು. ಮಾವಿನಕಾಯಿಗೆ ಉಪ್ಪುಖಾರ ಹಚ್ಚಿ ಬೆಳೆದವರಿಗೆ ಹೇಳಿಕೊಡಬೇಕಾ!

ಊಟದ ಕಥೆ ಇಲ್ಲಿದೆ. ನನ್ನವಳು ಮೊಟ್ಟೆ ತಿನ್ನುತ್ತಾಳೆ, ಕೋಳಿ ಮುಟ್ಟಲ್ಲ. ಸಣ್ಣ ಹೋಟೆಲು, ನಾಲ್ಕು ಮೇಜು, ಅಡುಗೆಯವರೂ ಬಡಿಸುವವರೂ ಒಬ್ಬರೇ ಅಮ್ಮ. ಮೊಟ್ಟೆ ಹಾಕಿದ ಫ್ರೈಡ್ ರೈಸಿಗೆ ಖಾವ್ ಫಾತ್ ಖಾಯ್ ಅನ್ನಬೇಕು ಅಂತ ಫೋನಿನಲ್ಲಿ ಓದಿಕೊಂಡಿದ್ದೆ. ಧೈರ್ಯವಾಗಿ, 'ಕಾವ್ ಪಾತ್ ಕಾಯ್' ಅಂದೆ. ಮೀನಿನ ಸಾಸ್ ಬೇಡ ಅನ್ನೋಕೆ 'ಮಾಯ್ ಆವ್ ನಮ್ ಪ್ಲಾ' ಅಂತಲೂ ಸೇರಿಸಿದೆ, ಅದು ಸರಿಯಾಗೇ ಬಂತು. ಅಮ್ಮ ತಲೆ ಆಡಿಸಿದರು. ಹತ್ತು ನಿಮಿಷದಲ್ಲಿ ಬಿಸಿ ಬಿಸಿ ಬಂತು, ಚಿಕನ್ ಫ್ರೈಡ್ ರೈಸ್.

ತಪ್ಪು ಅವರದಲ್ಲ. ಗೋಡೆ ಮೇಲೆ ಮಕ್ಕಳ ಅಕ್ಷರಮಾಲೆಯ ಚಾರ್ಟ್ ಇತ್ತು. ನನ್ನ ಪೇಚಾಟ ನೋಡಿ ಅಮ್ಮ ಅದರ ಹತ್ತಿರ ಹೋಗಿ ಮೊದಲ ಚಿತ್ರದ ಮೇಲೆ ಬೆರಳಿಟ್ಟರು. ಕೋಳಿ. 'ಕೋ ಕಾಯ್.' ಪಕ್ಕದ್ದು ಮೊಟ್ಟೆ. 'ಖೋ ಖಾಯ್.' ಥಾಯ್ ಅಕ್ಷರಮಾಲೆಯ ಮೊದಲ ಎರಡು ಅಕ್ಷರ ಇವೇ. ಎಳೆತ ಒಂದೇ, ಸ್ವರ ಒಂದೇ, ವ್ಯತ್ಯಾಸ ಇರೋದು ಆ ಒಂದು ಮಹಾಪ್ರಾಣದಲ್ಲಿ. ಕಥೆ ಅನ್ನೋದನ್ನು ಕತೆ, ಖಾರ ಅನ್ನೋದನ್ನು ಕಾರ ಅಂದುಕೊಂಡು ಬದುಕಿದ ನನಗೆ ದಂಡ ಬಿತ್ತು. "ಪ್ರೈಮರಿ ಸ್ಕೂಲಲ್ಲಿ ಮೇಷ್ಟ್ರು ಹೊಡೆದಿದ್ದು ಸಾಲದು ನಿಮಗೆ," ಅಂದಳು ನನ್ನವಳು. ಚಾರ್ಟನ್ನು ಹಾಗೇ ನೋಡುತ್ತಾ ಹೋದೆ. ಕ, ಖ ಅಂತ ಶುರುವಾಗಿ ಙ ತನಕ ಬಂದು, ಆಮೇಲೆ ಚ ಸಾಲು. ನಮ್ಮದೇ ಲೆಕ್ಕ! ಬ್ರಾಹ್ಮಿಯ ಮರಿಮಕ್ಕಳು ಎರಡೂ ಕಡೆ ಇವೆ ಅಂತ ಓದಿದ್ದು ಬೇರೆ, ಹೊಟ್ಟೆ ಹಸಿದಾಗ ಗೊತ್ತಾಗೋದು ಬೇರೆ. ಚಿಕನ್ ತಟ್ಟೆ ನಾನು ತಿಂದೆ, ಅವಳಿಗೆ ಇನ್ನೊಂದು ಮಾಡಿಸಿದೆವು. ಅಮ್ಮ ಎರಡನೆಯದಕ್ಕೆ ದುಡ್ಡು ಬೇಡ ಅಂದರು, ಬಲವಂತ ಮಾಡಿ ಕೊಟ್ಟೆವು. ಅವರ ಅಡುಗೆಗೂ ಪಾಠಕ್ಕೂ ಪೂರ್ತಿ ಅಂಕ.

ಊಟ ಆದ ಮೇಲಿನದು 1269ನೇ ರಸ್ತೆ, ಹಾಂಗ್ ಡಾಂಗ್ ಕಡೆಗೆ ಇಳಿಯೋದು. ಈ ಇಡೀ ದಿನದಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕಾದ್ದು ಏನಾದರೂ ಇದ್ದರೆ ಅದು ಈ ಅರ್ಧ, ಅದಕ್ಕೆ ಟಿಕೆಟ್ಟೇ ಇಲ್ಲ. ಬೋರ್ಡುಗಳು ಮುಗಿದವು. ಬಿದಿರು, ಸಾಗುವಾನಿ, ಬಾಳೆ, ನಡುವೆ ಎಲ್ಲೋ ಒಂದು ಹಂಚಿನ ಮನೆ. ಮಲೆನಾಡಿನವರಿಗೆ ಯಾವುದೂ ಹೊಸದಲ್ಲ, ಹೊಸದು ರಸ್ತೆ. ಒಂದು ಗುಂಡಿ ಇಲ್ಲ. ಚಾರ್ಮಾಡಿಯಲ್ಲಿ ಗುಂಡಿ ಎಣಿಸಿಕೊಂಡೇ ಓಡಿಸಿದ ಕೈ, ಇಲ್ಲಿ ಸುಮ್ಮನೆ ಇರೋದು ಹೇಗೆ ಅಂತ ಕಲಿಯೋಕೆ ಅರ್ಧ ಗಂಟೆ ಬೇಕಾಯಿತು. ನಲವತ್ತರಲ್ಲಿ ಹೋದೆವು. ಹತ್ತು ನಿಮಿಷಕ್ಕೊಂದು ಪಿಕಪ್ ಗಾಡಿ, ಅಷ್ಟೇ.

ಒಂದು ತಿರುವಿನಲ್ಲಿ ಹಾಗೆ ಬಂದ ಪಿಕಪ್ಪಿನವನು ಪೀಂ ಪೀಂ ಪೀಂ ಅಂತ ಮೂರು ಸಲ ಹಾರ್ನ್ ಹೊಡೆದ. ಇಡೀ ದಿನ ಕೇಳದ ಶಬ್ದ, ನಾನು ಬೆಚ್ಚಿ ಎಡಕ್ಕೆ ಸರಿದೆ. ನಮಗಲ್ಲ. ತಿರುವಿನಲ್ಲಿ ಕಂಬದ ಮೇಲೆ ಪುಟ್ಟ ಗುಡಿ, ಮುಂದೆ ಚೆಂಡುಹೂವಿನ ಹಾರ, ಸ್ಟ್ರಾ ಹಾಕಿಟ್ಟ ಕೆಂಪು ಫಾಂಟಾ ಬಾಟಲಿ. ಜಾಗ ಕಾಯುವ ದೇವರಿಗೆ ನಮಸ್ಕಾರ ಅದು. ನಮ್ಮ ಘಾಟಿಗಳಲ್ಲಿ ಲಾರಿಯವರು ಗುಡಿ ಹತ್ತಿರ ನಿಧಾನ ಮಾಡಿ ಕಾಸು ಎಸೆಯುತ್ತಾರಲ್ಲ, ಹಾಗೆ. ನಾನೂ ಒಮ್ಮೆ ಒತ್ತಿದೆ. ದೇವರು ಯಾರಾದರೇನು, ಇಳಿಜಾರು ಮುಂದಿತ್ತು.

ಆ ಇಳಿಜಾರಿನ ಬಗ್ಗೆ ಒಂದು ಮಾತು. ಗೇರ್ ಇಲ್ಲದ ಸ್ಕೂಟರಿನಲ್ಲಿ ಎಂಜಿನ್ನು ಗಾಡಿಯನ್ನು ಹಿಡಿದುಕೊಳ್ಳೋದು ಕಡಿಮೆ, ಎಲ್ಲ ಭಾರ ಬ್ರೇಕಿಗೇ. ಹಿಡಿದೇ ಇದ್ದರೆ ಕಾಯುತ್ತದೆ, ವಾಸನೆ ಬರುತ್ತದೆ, ಆಮೇಲೆ ಹಿಡಿಯೋದೇ ಇಲ್ಲ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಸಿ, ನಡುವೆ ನಿಲ್ಲಿಸಿ ಆರಲು ಬಿಡಿ. ತಿರುವಿನಲ್ಲಿ ಒಣ ಎಲೆ, ಮರಳು ಇರುತ್ತದೆ. ಬೆಳಗಿನ ಆ ನುಣ್ಣನೆ ಟಯರ್ ಇಲ್ಲಿ ನೆನಪಾಗಿ ಬೆನ್ನಲ್ಲಿ ಚಳಿ ಬಂತು.

ಯಾವಾಗ ಹೋಗೋದು ಅಂದ್ರೆ ನವೆಂಬರ್‌ನಿಂದ ಜನವರಿ. ಬೆಳಗ್ಗೆ ಚಳಿ, ಜಾಕೆಟ್ ಬೇಕು. ಫೆಬ್ರವರಿ ಕಳೆದರೆ ಹೊಲ, ಕಾಡಿಗೆ ಬೆಂಕಿ ಬೀಳುವ ಕಾಲ, ಏಪ್ರಿಲ್ ತನಕ ಇಡೀ ಉತ್ತರ ಥಾಯ್ಲೆಂಡ್ ಹೊಗೆಯಲ್ಲಿ ಮುಳುಗಿರುತ್ತದೆ. ಆಗ ವ್ಯೂ ಪಾಯಿಂಟಿನಲ್ಲಿ ವ್ಯೂ ಇರಲ್ಲ, ಕೆಮ್ಮು ಇರುತ್ತದೆ.

ಹಾಂಗ್ ಡಾಂಗ್‌ನಿಂದ ಕಾಲುವೆ ಪಕ್ಕದ ರಸ್ತೆ ಹಿಡಿದು ಊರು ಸೇರಿದೆವು. ಅಂಗಡಿಯಲ್ಲಿ ಬೆಳಗಿನ ಹುಡುಗ ಇರಲಿಲ್ಲ, ಬೇರೆ ಯಾರೋ ಇದ್ದರು. ಗಾಡಿಗೆ ಎರಡು ಪ್ರದಕ್ಷಿಣೆ ಬಂದು, ಎಡಗಡೆ ಫುಟ್‌ಬೋರ್ಡ್ ಹತ್ತಿರ ಒಂದು ಗೀರು ಹುಡುಕಿ, ಹಲ್ಲು ನೋವು ಬಂದವರ ಹಾಗೆ ಮುಖ ಮಾಡಿದರು. ನಾನು ಏನೂ ಹೇಳಲಿಲ್ಲ. ಬೆಳಗ್ಗೆ ಹೊರಡುವ ಮೊದಲೇ ಗಾಡಿಯ ಸುತ್ತ ತೆಗೆದಿದ್ದ ವಿಡಿಯೋ ಹಾಕಿ, ಅದೇ ಗೀರಿನ ಹತ್ತಿರ ನಿಲ್ಲಿಸಿ ತೋರಿಸಿದೆ. ಅವರು ನಕ್ಕರು, ನಾನೂ ನಕ್ಕೆ. 3,000 ಬಾತ್ ಎಣಿಸಿ ವಾಪಸ್ ಕೊಟ್ಟರು.

ರಾತ್ರಿ ಊಟಕ್ಕೆ ಆರ್ಡರ್ ಕೊಡುವ ಕೆಲಸ ನನ್ನವಳೇ ತಗೊಂಡಳು. ಅವಳು 'ಖಾಯ್' ಅಂದ ರಭಸಕ್ಕೆ ಮೇಜಿನ ಮೇಲಿನ ಟಿಶ್ಯೂ ಅಲ್ಲಾಡಿತು, ಮೊಟ್ಟೆಯೇ ಬಂತು.