ಜಯನಗರದ ಭಾನುವಾರದ ಈಜಿಪ್ಟ್ ತರಗತಿ: ದುಡ್ಡಿಗೆ ಮೋಸವಿಲ್ಲ

ಪ್ರಾಚೀನ ಈಜಿಪ್ಟಿನವರು ಕರಿಯರಾ ಬಿಳಿಯರಾ ಎಂಬ ಜಗಳ ಕೇಳಿ ಸಾಕಾಗಿದ್ದರೆ ಈ ತರಗತಿಗೆ ಖಂಡಿತ ಹೋಗಿ. ಮೇಷ್ಟ್ರು ಸುಮ್ನೆ ವಾದ ಮಾಡೋದಿಲ್ಲ, ಪುರಾವೆ ಮುಂದಿಡುತ್ತಾರೆ. ಪ್ರಾಚೀನ ಈಜಿಪ್ಟಿನವರು ಕರಿಯ ಆಫ್ರಿಕನ್ನರೇ ಎಂದು ಸೆನೆಗಲ್‌ನ ಇತಿಹಾಸಕಾರ ಶೇಖ್ ಅಂತಾ ಡಿಯೋಪ್ 1974ರ ಕೈರೋ ವಿದ್ವಾಂಸರ ಸಭೆಯಲ್ಲಿ ಮಂಡಿಸಿದ ವಾದದಿಂದ ಪಾಠ ಶುರು.

ಡಿಎನ್‌ಎ ಭಾಗವಂತೂ ತುಂಬಾ ಚೆನ್ನಾಗಿದೆ. 2017ರಲ್ಲಿ ಈಜಿಪ್ಟಿನ ಅಬುಸಿರ್ ಎಲ್-ಮೆಲೆಕ್ ಎಂಬ ಊರಿನ ಮಮ್ಮಿಗಳ ಅಧ್ಯಯನ ಪಶ್ಚಿಮ ಏಷ್ಯಾದ ಜೊತೆ ಹತ್ತಿರದ ನಂಟು ತೋರಿಸಿತು, ನಿಜ, ಆದರೆ ಅದು ಒಂದೇ ಊರಿನ ಸ್ಮಶಾನ, ಅದೂ ಗೀಜಾ ಪಿರಮಿಡ್‌ಗಳಿಗಿಂತ ಸಾವಿರ ವರ್ಷಕ್ಕೂ ಈಚಿನದು, ಅದನ್ನೇ ಹಿಡಿದು ಇಡೀ ನೈಲ್ ಕಣಿವೆಗೆ ತೀರ್ಪು ಕೊಟ್ಟರೆ ಹೇಗೆ? 2025ರಲ್ಲಿ ಪ್ರಕಟವಾದ ಈಜಿಪ್ಟಿನದೇ ನುವೈರಾತ್ ಎಂಬ ಊರಿನ ಗಂಡಸಿನ ಜೀನೋಮ್ (ಪೂರ್ತಿ ಡಿಎನ್‌ಎ) ಇನ್ನೂ ಹಳೆಯದು. ಅವನ ಮೂಲದಲ್ಲಿ ಸುಮಾರು ಶೇ 80 ಉತ್ತರ ಆಫ್ರಿಕಾ, ಉಳಿದದ್ದು ಮೆಸೊಪೊಟೇಮಿಯಾ ಕಡೆಯದು. ಅದೂ ಒಬ್ಬನೇ ವ್ಯಕ್ತಿ ಅಲ್ವಾ, ಅದನ್ನೂ ಹೇಳಿದರು.

ಈಜಿಪ್ಟಿನ ದಕ್ಷಿಣಕ್ಕಿದ್ದ ನೂಬಿಯಾ ನಾಡಿನ ಪಾಠವನ್ನು ಮಾತ್ರ ಅವಸರದಲ್ಲಿ ಮುಗಿಸಿಬಿಟ್ಟರು, ಬೇಜಾರಾಯಿತು. ನೂಬಿಯಾದ ಕುಶ್ ರಾಜ್ಯದ ದೊರೆಗಳಾದ ಪಿಯೆ, ತಹರ್ಕ ಈಜಿಪ್ಟನ್ನೇ ಆಳಿದ 25ನೇ ರಾಜವಂಶದವರು. ಆಫ್ರಿಕಾ ಅಂದರೆ ಒಂದೇ ಬಣ್ಣ, ಒಂದೇ ಮುಖ ಅಲ್ಲ ಅನ್ನೋದಕ್ಕೆ ಅಲ್ಲಿ ಇನ್ನೂ ಜಾಸ್ತಿ ಹೊತ್ತು ಕೊಡಬೇಕಿತ್ತು.

ಪಾಠ ಪೂರ್ತಿ ಕನ್ನಡದಲ್ಲೇ, ಪಿಯುಸಿ ಮಕ್ಕಳಿಗೂ ಅರ್ಥವಾಗುತ್ತದೆ. ಪಾರ್ಕಿಂಗ್ ಇಲ್ಲ, ಮೆಟ್ರೋದಲ್ಲೇ ಹೋಗಿ.