ಶಿರಸಿಯಿಂದ ಪುಣೆಗೆ ಎಳೆದ ಲೈನು: ಝೀರೋಟಿಯರ್ ತಂತ್ರಾಂಶ ಬಳಸಿ ನೋಡಿದ್ದು

ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತನಾದವನು ನಾನು. ಮೊದಲ ಹತ್ತು ವರ್ಷ ಕಂಬ ಹತ್ತಿದೆ, ಉಳಿದ ವರ್ಷಗಳನ್ನು ದೂರು ಬರೆದುಕೊಳ್ಳುವ ಮೇಜಿನ ಹಿಂದೆ ಕಳೆದೆ. ‘ಲೈನ್ ಸಿಗುತ್ತಿಲ್ಲ’ ಎಂಬ ಮಾತು ಇನ್ನು ಕಿವಿಗೆ ಬೀಳಲಾರದು ಎಂದುಕೊಂಡಿದ್ದೆ. ಜೂನ್ ತಿಂಗಳ ಒಂದು ಸಂಜೆ ದಾವಣಗೆರೆಯಿಂದ ಮೊಮ್ಮಗಳು ಫೋನ್ ಮಾಡಿ, ‘ಅಜ್ಜ, ನಮ್ಮ ತೋಟದ ಒಳಗೆ ಹೋಗಲು ಆಗುತ್ತಿಲ್ಲ’ ಎಂದಳು.

ತೋಟವೆಂದರೆ ಬೇಸಿಗೆ ರಜೆಯಲ್ಲಿ ಮೂವರು ಮೊಮ್ಮಕ್ಕಳು ಶಿರಸಿಯ ನಮ್ಮ ಮನೆಯಲ್ಲಿ ಕುಳಿತು ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದಲ್ಲಿ ಕಟ್ಟಿದ ಅಡಿಕೆ ತೋಟ. ಕಾಡುಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ತುದಿಗೆ ಎಲೆ ಇಟ್ಟ ಸಾಲು ಮರಗಳು, ಸಾಲಿನ ನಡುವೆ ನೀರು ಹರಿಯುವ ಕಾದಿಗೆ, ಅಂಚಿಗೆ ಸೊಪ್ಪಿನ ಬೆಟ್ಟ ಕೂಡ ಇದೆ. ಈ ಲೋಕವೆಲ್ಲ ಇರುವುದು ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ. ರಜೆಯಲ್ಲಿ ಎಲ್ಲರೂ ಒಂದೇ ವೈಫೈ ಕೆಳಗಿದ್ದಾಗ ಇಲ್ಲಿನ ಮೊಮ್ಮಗಳು ‘ಓಪನ್ ಟು ಲ್ಯಾನ್’ (ಮನೆಯ ಜಾಲಕ್ಕೆ ತೆರೆ) ಒತ್ತಿದರೆ ಸಾಕು, ಉಳಿದಿಬ್ಬರ ಪರದೆಯಲ್ಲಿ ಅದು ತಾನಾಗಿ ಕಾಣುತ್ತಿತ್ತು. ಶಾಲೆ ತೆರೆದು ಒಬ್ಬಳು ದಾವಣಗೆರೆಗೂ ಒಬ್ಬ ಪುಣೆಗೂ ಹೋದ ಮೇಲೆ ತೋಟಕ್ಕೆ ಬೀಗ ಬಿತ್ತು.

ದೂರಿನ ಮೇಜಿನಲ್ಲಿ ನಾನು ಕಲಿತ ಮೊದಲ ಪಾಠ, ‘ಸಿಗುತ್ತಿಲ್ಲ’ ಎಂಬುದನ್ನು ಹಾಗೆಯೇ ಬರೆದುಕೊಳ್ಳಬಾರದು. ಕಿವಿಗೆ ಏನು ಕೇಳಿಸುತ್ತಿದೆ ಎಂದು ಕೇಳಬೇಕು. ಪೂರ್ತಿ ಮೌನವಾದರೆ ತಂತಿ ತುಂಡಾಗಿದೆ, ಎಂಗೇಜ್ ಸದ್ದಾದರೆ ಬೇರೆ ಕಥೆ. ಅದರಂತೆ ಮಕ್ಕಳಿಗೆ ಪರದೆಯ ಮೇಲಿದ್ದುದನ್ನು ಅಕ್ಷರ ಬಿಡದೆ ಓದಲು ಹೇಳಿದೆ. ದಾವಣಗೆರೆಯವಳಿಗೆ ‘ಕನೆಕ್ಷನ್ ಟೈಮ್ಡ್ ಔಟ್’ ಬಂದಿತ್ತು, ಪುಣೆಯವನಿಗೆ ‘ಕನೆಕ್ಷನ್ ರೆಫ್ಯೂಸ್ಡ್’. ಎರಡರ ಕೊನೆಗೂ ‘ನೋ ಫರ್ದರ್ ಇನ್ಫರ್ಮೇಶನ್’ ಎಂಬ ಬಾಲ. ಟೈಮ್ಡ್ ಔಟ್ ಎಂದರೆ ಆ ಕಡೆಯಿಂದ ಉತ್ತರವೇ ಇಲ್ಲ. ರೆಫ್ಯೂಸ್ಡ್ ಎಂದರೆ ಯಾವುದೋ ಯಂತ್ರ ಕರೆ ಎತ್ತಿಕೊಂಡು ‘ಇಲ್ಲಿ ಅಂಥವರು ಯಾರೂ ಇಲ್ಲ’ ಎಂದು ಇಟ್ಟಿದೆ.

ಹಾಗಾದರೆ ಎತ್ತಿಕೊಂಡದ್ದು ಯಾರು? ಪುಣೆಯವನು ನಮ್ಮ ಲ್ಯಾಪ್‌ಟಾಪಿನ ವಿಳಾಸವೆಂದು 192.168.1.5 ಎಂದು ಬರೆದುಕೊಂಡು ಹೋಗಿದ್ದ. ಅದು ನಮ್ಮ ಮನೆಯ ಒಳಗಷ್ಟೇ ನಡೆಯುವ ನಾಣ್ಯ. ಅವನ ಮನೆಯ ರೂಟರಿನ ಪಟ್ಟಿ ತೆರೆಸಿ ನೋಡಿದರೆ, ಅಲ್ಲಿ 192.168.1.5 ಎಂದರೆ ಹಜಾರದ ಟಿವಿ. ಎರಡು ಸಂಜೆ ಹುಡುಗ ತನ್ನದೇ ಟಿವಿಯ ಬಾಗಿಲು ಬಡಿದು ‘ತೋಟದೊಳಗೆ ಬಿಡು’ ಎಂದು ಕೇಳಿದ್ದ. ಅವರ ಅಮ್ಮ ಅದೇ ಹೊತ್ತಿಗೆ ಧಾರಾವಾಹಿ ನೋಡುತ್ತಿದ್ದರಂತೆ.

ಮೊದಲು ನಾನು ಹೋದದ್ದು ಹಳೆಯ ದಾರಿಯಲ್ಲೇ. ಪೋರ್ಟ್ ಎಂದರೆ ಯಂತ್ರದೊಳಗೆ ಒಂದೊಂದು ಕೆಲಸಕ್ಕೆ ಇರುವ ಬಾಗಿಲಿನ ಸಂಖ್ಯೆ. ಮೈನ್‌ಕ್ರಾಫ್ಟಿನ ರೂಢಿಯ ಪೋರ್ಟ್ 25565 ಅನ್ನು ನಮ್ಮ ರೂಟರಿನಲ್ಲಿ ಲ್ಯಾಪ್‌ಟಾಪಿಗೆ ತಿರುಗಿಸಿದೆ. ಏನೂ ಆಗಲಿಲ್ಲ. ಆಮೇಲೆ ರೂಟರಿನ ಸ್ಥಿತಿ ತೋರಿಸುವ ಪುಟದಲ್ಲಿ ಹೊರಗಿನ ವಿಳಾಸ ನೋಡಿದೆ: 100.72 ಎಂದು ಆರಂಭವಾಗುತ್ತಿತ್ತು. ಅಲ್ಲಿಗೆ ರೋಗ ತಿಳಿಯಿತು. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಇಂಟರ್‌ನೆಟ್ ಕಂಪನಿಗಳ ಒಳಬಳಕೆಗೆಂದೇ ಮೀಸಲಿಟ್ಟಿದ್ದಾರೆ. ಹಳೆಯ ಪದ್ಧತಿಯ ವಿಳಾಸಗಳು ಒಟ್ಟು 429 ಕೋಟಿಯಷ್ಟೇ ಇರುವುದರಿಂದ ಕಂಪನಿಗಳು ಬಹಳ ಮನೆಗಳನ್ನು ಒಂದೇ ಹೊರ ವಿಳಾಸದ ಹಿಂದೆ ಕೂರಿಸುತ್ತವೆ. ದೊಡ್ಡ ಕಚೇರಿಯ ಎಕ್ಸ್‌ಟೆನ್ಷನ್ ಬೋರ್ಡನ್ನು ಕಂಡವರಿಗೆ ಇದು ಹೊಸತಲ್ಲ. ಒಳಗಿನಿಂದ ಯಾರು ಬೇಕಾದರೂ ಹೊರಗೆ ಕರೆ ಮಾಡಬಹುದು, ಹೊರಗಿನವರಿಗೆ ನಿಮ್ಮ ಮೇಜಿನ ಫೋನು ಬೇಕಾದರೆ ಆಪರೇಟರ್ ಜೋಡಿಸಿ ಕೊಡಬೇಕು. ಇಲ್ಲಿ ಆಪರೇಟರ್ ಇಲ್ಲ, ಅಷ್ಟೇ ವ್ಯತ್ಯಾಸ. ಮೇಲೆ ಇನ್ನೊಂದು ಬೋರ್ಡ್ ಇರುವಾಗ ನಮ್ಮ ರೂಟರಿನಲ್ಲಿ ನಾನು ಎಷ್ಟು ಪೋರ್ಟ್ ತಿರುಗಿಸಿದರೂ ಗಾಳಿಗೆ ಗುದ್ದಿದಂತೆ.

ನಮ್ಮ ಬ್ರಾಡ್‌ಬ್ಯಾಂಡಿನವರಿಗೆ ಫೋನ್ ಮಾಡಿದೆ. ಹೆಸರು ಬೇಡ, ಆ ಮೇಜಿನ ಹಿಂದೆ ನಾನೂ ಕುಳಿತವನು. ಹುಡುಗ ಮೂರು ಸಲ ‘ರೂಟರ್ ಆಫ್ ಮಾಡಿ ಆನ್ ಮಾಡಿ ಸರ್’ ಎಂದ. ನಾಲ್ಕನೆಯ ಸಲ ಸ್ಥಿರ ವಿಳಾಸ ಬೇಕಾದರೆ ಬೇರೆ ಬಾಡಿಗೆ ಎಂದ. ನಮಸ್ಕಾರ ಹೇಳಿ ಇಟ್ಟೆ. ಮೈನ್‌ಕ್ರಾಫ್ಟಿನವರದೇ ‘ರೆಲ್ಮ್ಸ್’ ಎಂಬ ಬಾಡಿಗೆ ಕೋಣೆಯ ವ್ಯವಸ್ಥೆ ಇದೆ, ಅಲ್ಲಿ ಈ ತಲೆನೋವು ಒಂದೂ ಇಲ್ಲ. ಆದರೆ ವಾರಕ್ಕೆ ಎರಡು ತಾಸು ಆಡುವುದಕ್ಕೆ ತಿಂಗಳು ತಿಂಗಳು ಹಣ ಕಟ್ಟಲು ನನ್ನ ಮನಸ್ಸು ಒಪ್ಪಲಿಲ್ಲ.

ಝೀರೋಟಿಯರ್ ಬಂದದ್ದು ಆಗ. ಬೇರೆ ಬೇರೆ ಊರಿನ ಕಂಪ್ಯೂಟರುಗಳನ್ನು ಒಂದೇ ಮನೆಯ ವೈಫೈನಲ್ಲಿ ಇದ್ದಂತೆ ಕಾಣುವ ಹಾಗೆ ಮಾಡುವ ತಂತ್ರಾಂಶ ಇದು. ಇದರ ಕೆಲಸದ ರೀತಿ ನನಗೆ ಇಷ್ಟವಾಯಿತು. ಕಂಪನಿಯ ನಡುವಣ ಸರ್ವರುಗಳಿಗೆ ‘ಪ್ಲಾನೆಟ್’ ಎಂದು ಹೆಸರು. ನಮ್ಮ ಯಂತ್ರವೂ ಪುಣೆಯ ಯಂತ್ರವೂ ತಾವಾಗಿ ಆ ಸರ್ವರಿಗೆ ಕರೆ ಮಾಡಿಕೊಂಡು ಕೂರುತ್ತವೆ. ಹೊರಗೆ ಹೋಗುವ ಕರೆಗೆ ಯಾರ ತಡೆಯೂ ಇಲ್ಲವಲ್ಲ. ಸರ್ವರು ಇಬ್ಬರ ಹೊರ ವಿಳಾಸವನ್ನೂ ಪರಸ್ಪರ ತಿಳಿಸುತ್ತದೆ. ಇಬ್ಬರೂ ಒಂದೇ ಹೊತ್ತಿಗೆ ಎದುರಿನವರ ಕಡೆಗೆ ಮಾಹಿತಿಯ ಪೊಟ್ಟಣ ಎಸೆಯುತ್ತಾರೆ. ನಮ್ಮ ಪೊಟ್ಟಣ ಹೊರಗೆ ಹೋಗುವಾಗ ತೆರೆದ ಕಿಂಡಿಯಿಂದಲೇ ಅವರದು ಒಳಗೆ ಬರುತ್ತದೆ. ಆಮೇಲೆ ಆಪರೇಟರ್ ಲೈನಿನಿಂದ ಸರಿದು ನಿಲ್ಲುತ್ತಾನೆ. ಆಡಿದ ಮಾತಿಗೆ ತುದಿಯಿಂದ ತುದಿಗೆ ಗೂಢಲಿಪಿಯ ಹೊದಿಕೆ ಇರುವುದರಿಂದ ಕದ್ದು ಕೇಳುವ ಆಪರೇಟರನ ಚಪಲಕ್ಕೂ ಅವಕಾಶವಿಲ್ಲ. (ನಮ್ಮ ಕಾಲದಲ್ಲಿ ಅದು ಇತ್ತು. ಇರಲಿ.)

ಜಾಲತಾಣದಲ್ಲಿ ಖಾತೆ ತೆರೆದು ‘ನೆಟ್‌ವರ್ಕ್’ ಒಂದನ್ನು ಸೃಷ್ಟಿಸಿದರೆ ಹದಿನಾರು ಅಕ್ಷರದ ಗುರುತು ಸಿಗುತ್ತದೆ. ಅದರಲ್ಲಿ ಅಂಕಿಗಳ ಜೊತೆ ಎ ಯಿಂದ ಎಫ್ ವರೆಗಿನ ಇಂಗ್ಲಿಷ್ ಅಕ್ಷರಗಳು ಬೆರೆತಿರುತ್ತವೆ. ಫೋನಿನಲ್ಲಿ ಓದಿ ಹೇಳಿದರೆ ಬಿ, ಸಿ, ಡಿ, ಇ ನಾಲ್ಕೂ ಒಂದೇ ಥರ ಕೇಳಿಸುತ್ತವೆ. ಟ್ರಂಕ್ ಕಾಲ್ ಕಾಲದ ನಾಲಿಗೆ ತಾನಾಗಿ ಹೊರಳಿತು: ಬಿ ಎಂದರೆ ಬೆಂಗಳೂರು, ಸಿ ಎಂದರೆ ಚಿಕ್ಕಮಗಳೂರು, ಡಿ ಎಂದರೆ ಧಾರವಾಡ. ದಾವಣಗೆರೆಯ ಮೊಮ್ಮಗಳು ‘ಅಜ್ಜ, ವಾಟ್ಸ್ಆ್ಯಪ್ ಮಾಡಬಾರದಿತ್ತೇ’ ಎಂದಳು. ಹೌದು, ಮಾಡಬಹುದಿತ್ತು.

ಗುರುತು ಹಾಕಿದ ಕೂಡಲೇ ಅವಳಿಗೆ ‘ಆ್ಯಕ್ಸೆಸ್ ಡಿನೈಡ್’ ಎಂದು ಬಂತು. ಇದು ದೋಷವಲ್ಲ. ಖಾಸಗಿ ನೆಟ್‌ವರ್ಕಿನಲ್ಲಿ ಯಜಮಾನ ತನ್ನ ಪುಟದಲ್ಲಿ ಆ ಯಂತ್ರದ ಎದುರು ಒಪ್ಪಿಗೆಯ ಗುರುತು ಹಾಕುವವರೆಗೆ ಯಾರಿಗೂ ಒಳಗೆ ಪ್ರವೇಶವಿಲ್ಲ. ಮಕ್ಕಳಿರುವ ಮನೆಗೆ ಈ ವಸ್ತುವಿನಲ್ಲಿ ನಾನು ಅತ್ಯಂತ ಮೆಚ್ಚಿದ್ದು ಇದನ್ನೇ. ಮಗು ಗುರುತನ್ನು ತರಗತಿಯ ಎಲ್ಲರಿಗೂ ಹಂಚಿದರೂ ಬಾಗಿಲಿನ ಬೀಗದಕೈ ನನ್ನ ಹತ್ತಿರವೇ ಇರುತ್ತದೆ. ಫೋನಿನಲ್ಲಿ ದನಿ ಕೇಳಿಸಿಕೊಳ್ಳದೆ ನಾನು ಯಾರಿಗೂ ಗುರುತು ಹಾಕುವುದಿಲ್ಲ.

ಒಪ್ಪಿಗೆಯಾದ ಮೇಲೆ ಪ್ರತಿ ಯಂತ್ರಕ್ಕೂ 10.147 ಎಂದು ಆರಂಭವಾಗುವ ಹೊಸ ವಿಳಾಸ ಬಂತು. ಹುರುಪಿನಿಂದ ಜೋಡಿಸಿದೆವು. ಮತ್ತೆ ಟೈಮ್ಡ್ ಔಟ್.

ಇಲ್ಲಿ ಒಂದು ಮಾತು. ಪರೀಕ್ಷೆ ಮಾಡಲು ಪ್ರತಿ ಸಲ ದಾವಣಗೆರೆಯ ಮಗುವನ್ನು ಓದಿನಿಂದ ಎಬ್ಬಿಸಬೇಕಿಲ್ಲ. ಮನೆಯ ಇನ್ನೊಂದು ಕಂಪ್ಯೂಟರನ್ನು ವೈಫೈ ಬಿಡಿಸಿ ಮೊಬೈಲಿನ ಹಾಟ್‌ಸ್ಪಾಟಿಗೆ ಜೋಡಿಸಿದರೆ ಅದೇ ಹೊರಗಿನವನಾಗುತ್ತದೆ. ಹಾಗೆ ಮಾಡಿ ಒಂದು ಮಧ್ಯಾಹ್ನವೆಲ್ಲ ನಾನೇ ನನಗೆ ಕರೆ ಮಾಡಿಕೊಂಡೆ. ತಪ್ಪು ಎರಡಿದ್ದವು, ಎರಡೂ ನಮ್ಮವೇ.

ಮೊದಲನೆಯದು ವಿಂಡೋಸ್ ಫೈರ್‌ವಾಲ್, ಹೊರಗಿನಿಂದ ಬರುವ ಕರೆಗಳನ್ನು ತಡೆಯುವ ಕಾವಲುಗಾರ. ರಜೆಯಲ್ಲಿ ಅನುಮತಿ ಕೊಡುವಾಗ ‘ಪ್ರೈವೇಟ್’ ಕಾಲಮಿಗೆ ಮಾತ್ರ ಕೊಟ್ಟಿದ್ದೆವು. ಝೀರೋಟಿಯರಿನ ಹೊಸ ಸಂಪರ್ಕ ನಮ್ಮ ಲ್ಯಾಪ್‌ಟಾಪಿನಲ್ಲಿ ‘ಪಬ್ಲಿಕ್’ ಎಂದು ದಾಖಲಾಗಿತ್ತು. ಫೈರ್‌ವಾಲಿನ ಪಟ್ಟಿಯಲ್ಲಿ ಮೈನ್‌ಕ್ರಾಫ್ಟ್ ಎಂಬ ಹೆಸರು ಹುಡುಕಿದರೆ ಸಿಗುವುದಿಲ್ಲ. ‘ಓಪನ್‌ಜೆಡಿಕೆ ಪ್ಲಾಟ್‌ಫಾರ್ಮ್ ಬೈನರಿ’ ಎಂಬ ವೇಷದಲ್ಲಿ ಕುಳಿತಿರುತ್ತದೆ. ಅದರ ಎದುರು ಪಬ್ಲಿಕ್ ಕಾಲಮಿಗೂ ಗುರುತು ಹಾಕಿದೆ. ಸಂಪರ್ಕವನ್ನೇ ಪ್ರೈವೇಟ್ ಎಂದು ಬದಲಿಸಬಹುದಿತ್ತು, ಆದರೆ ಹಂಚಿಕೊಂಡ ಫೋಲ್ಡರುಗಳೂ ಮೂರು ಊರಿಗೆ ಕಾಣತೊಡಗಿದರೆ ಎಂದು ಹಿಂಜರಿದೆ. ಮನೆ ಬಿಟ್ಟು ಹೊರಗೆ ಹೋಗದ ಲ್ಯಾಪ್‌ಟಾಪ್ ಆದ್ದರಿಂದ ನನಗೆ ಈ ದಾರಿ ಸರಿ ಕಂಡಿತು.

ಎರಡನೆಯದು ಪೋರ್ಟ್. ‘ಓಪನ್ ಟು ಲ್ಯಾನ್’ ಒತ್ತಿದಾಗ ಆಟ ಪ್ರತಿ ಸಲ ಮನಸ್ಸಿಗೆ ಬಂದ ಐದಂಕಿಯ ಪೋರ್ಟ್ ಆರಿಸಿಕೊಂಡು ಮೂಲೆಯಲ್ಲಿ ಒಂದು ಸಾಲಾಗಿ ತೋರಿಸುತ್ತದೆ. ಸೇರುವವರು ವಿಳಾಸದ ಕೊನೆಗೆ ಅದನ್ನು ಬರೆಯದಿದ್ದರೆ ಕರೆ 25565ಕ್ಕೆ ಹೋಗಿ ನಿಲ್ಲುತ್ತದೆ. 1.19.3 ಆವೃತ್ತಿಯಿಂದ ಈಚೆಗೆ ತೆರೆಯುವಾಗಲೇ ಪೋರ್ಟ್ ಸಂಖ್ಯೆ ಬರೆಯುವ ಜಾಗ ಕೊಟ್ಟಿದ್ದಾರೆ. ಅಲ್ಲಿ 25565 ಎಂದೇ ಬರೆಯಲು ಮೊಮ್ಮಗಳಿಗೆ ಅಭ್ಯಾಸ ಮಾಡಿಸಿದೆ. ಅಂದು ಸಂಜೆ ಏಳೂಕಾಲಿಗೆ ದಾವಣಗೆರೆಯವಳು ಕಾದಿಗೆಯ ಪಕ್ಕ ಬಂದು ನಿಂತಳು. ಫೋನಿನಲ್ಲಿ ಕಿರುಚಿದ್ದು ನಮ್ಮ ಅಂಗಳಕ್ಕೂ ಕೇಳಿಸಿತು.

ಪುಣೆಯವನದು ಆಗಲೂ ಬಗೆಹರಿಯಲಿಲ್ಲ. ಆಟ ತೆರೆಯುವ ಅವನ ಲಾಂಚರ್ ಹೊಸ ಆವೃತ್ತಿಗೆ ಜಿಗಿದಿತ್ತು, ನಮ್ಮದು ಹಿಂದಿನದರಲ್ಲೇ ಇತ್ತು. ಎರಡೂ ಕಡೆ ಒಂದೇ ಸಂಖ್ಯೆ ಮಾಡಿಸಿದೆ. ಮಧ್ಯೆ ಒಂದು ದಿನ ಟ್ಯಾಬ್ಲೆಟ್ಟಿನಿಂದ ಪ್ರಯತ್ನಿಸಿದನಂತೆ. ಟ್ಯಾಬ್ಲೆಟ್ಟಿನಲ್ಲಿ ಇರುವುದು ಆಟದ ಬೆಡ್‌ರಾಕ್ ಎಂಬ ರೂಪ, ನಮ್ಮದು ಜಾವಾ ಎಂಬ ರೂಪ. ಆ ಎರಡರ ಭಾಷೆ ಬೇರೆ, ಯಾವ ಲೈನು ಎಳೆದರೂ ಮಾತಾಗುವುದಿಲ್ಲ.

ಇನ್ನು ಗುಣಮಟ್ಟ. ನೇರ ಸಂಪರ್ಕ ಕೂಡಿದ ದಿನ ಪುಣೆಗೂ ನಮಗೂ ನಡುವಿನ ವಿಳಂಬ 45 ಮಿಲಿಸೆಕೆಂಡಿನ ಆಸುಪಾಸು, ಒಂದೇ ಮನೆಯಲ್ಲಿ ಆಡಿದಂತೆ ಇರುತ್ತದೆ. ಅವರ ಮನೆಯ ವೈಫೈ ಕೈಕೊಟ್ಟ ಒಂದು ಭಾನುವಾರ ಅವನು ಅಪ್ಪನ ಮೊಬೈಲ್ ಹಾಟ್‌ಸ್ಪಾಟಿನಿಂದ ಬಂದ. ಒಡೆದ ಕಲ್ಲು ಮತ್ತೆ ಅಲ್ಲೇ ಬಂದು ಕೂರುತ್ತಿತ್ತು, ಕೋಳಿಗಳು ಬೇಲಿಯ ಒಳಗಿದ್ದವು ಇದ್ದಕ್ಕಿದ್ದಂತೆ ಹೊರಗಿರುತ್ತಿದ್ದವು. ಕಪ್ಪು ಪರದೆಯಲ್ಲಿ ‘ಝೀರೋಟಿಯರ್-ಸಿಎಲ್ಐ ಪೀರ್ಸ್’ ಎಂದು ಆಜ್ಞೆ ಕೊಟ್ಟು ನೋಡಿದೆ. ಅವನ ಸಾಲಿನಲ್ಲಿ ‘ಡೈರೆಕ್ಟ್’ ಇರಬೇಕಾದಲ್ಲಿ ‘ರಿಲೇ’ ಎಂದಿತ್ತು. ಕಿಂಡಿ ತೆರೆಯದಿದ್ದಾಗ ಮಾತೆಲ್ಲ ನಡುವಣ ಸರ್ವರು ಸುತ್ತಿಕೊಂಡು ಬರುತ್ತದೆ, ವಿಳಂಬ ಸಹಜ. ಕಟ್ಟಡ ಕಟ್ಟಲು ಅದೂ ಸಾಕು, ಕತ್ತಿ ಹಿಡಿದು ಹೋರಾಡಲು ಸಾಲದು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ನಮ್ಮ ನಾಲ್ಕು ಯಂತ್ರಗಳಿಗೆ ಉಚಿತ ಖಾತೆಯೇ ಸಾಕಾಗಿದೆ. ಒಂದು ಅಂಕ ಕಡಿದದ್ದು ಏಕೆಂದರೆ, ಸೇರುವ ಪ್ರತಿಯೊಬ್ಬರೂ ಇದನ್ನು ಅಳವಡಿಸಿಕೊಳ್ಳಬೇಕು, ಅಳವಡಿಸಲು ಯಂತ್ರದ ಯಜಮಾನನ ಗುಪ್ತಪದ ಬೇಕು. ಪುಣೆಯ ಲ್ಯಾಪ್‌ಟಾಪ್ ಅವರ ಅಪ್ಪನ ಕಚೇರಿಯದಾಗಿದ್ದರಿಂದ ಅಲ್ಲಿ ಅದು ಸಾಧ್ಯವಾಗದೆ, ಅಟ್ಟದ ಮೇಲಿದ್ದ ಹಳೆಯದನ್ನು ಇಳಿಸಬೇಕಾಯಿತು. ಮನೆಯಲ್ಲಿ ಪೋರ್ಟ್, ಫೈರ್‌ವಾಲ್ ಎಂದರೆ ಹೆದರುವವರೇ ಇದ್ದರೆ ಬಾಡಿಗೆ ಕೋಣೆಯೇ ಸುಖ.

ಝೀರೋಟಿಯರ್ ಕೈಯಲ್ಲಿ ಆಗದ ಒಂದು ಕೆಲಸ ಉಳಿದಿದೆ. ತೋಟ ನಮ್ಮ ಲ್ಯಾಪ್‌ಟಾಪಿನಲ್ಲಿ ಇರುವುದರಿಂದ ಮೊಮ್ಮಗಳು ಊಟಕ್ಕೆ ಎದ್ದು ಮುಚ್ಚಳ ಮುಚ್ಚಿದರೆ ಮೂರೂ ಊರಿನಲ್ಲಿ ಕತ್ತಲೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನದೂ ಅದೇ ಪಾಡು. ಇನ್‌ವರ್ಟರ್ ಇರುವುದು ದೀಪಕ್ಕೆ ಮತ್ತು ರೂಟರಿಗೆ, ಲ್ಯಾಪ್‌ಟಾಪಿನ ಬ್ಯಾಟರಿ ಮುಕ್ಕಾಲು ಗಂಟೆಗೆ ಮೇಲೆ ಬಾಳುವುದಿಲ್ಲ. ತೋಟವನ್ನು ದಾವಣಗೆರೆಗೆ ಸಾಗಿಸೋಣ, ಅಲ್ಲಿ ಕರೆಂಟ್ ಹೋಗುವುದು ಕಡಿಮೆ ಎಂದು ಮಕ್ಕಳು ಮೂವರೂ ಸೇರಿ ಒತ್ತಾಯ ಮಾಡುತ್ತಿದ್ದಾರೆ. ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿ ಇಟ್ಟಿದ್ದೇನೆ. ಕಳುಹಿಸಿಲ್ಲ. ಭಾನುವಾರ ಸಂಜೆ ಏಳಕ್ಕೆ ‘ಅಜ್ಜ, ತೆರೆಯಿತೇ?’ ಎಂದು ಎರಡೂ ಕಡೆಯಿಂದ ಫೋನ್ ಬರುತ್ತದೆ.