ಅಪ್ಪನ ಕಿಡ್ನಿಗೆ ಡಾಪಾಗ್ಲಿಫ್ಲೋಜಿನ್ ಮಾತ್ರೆ: ಎಂಟು ತಿಂಗಳ ಮೇಲೆ ಬರೆಯುತ್ತಿದ್ದೇನೆ

ಅಪ್ಪನಿಗೆ ಹದಿನೆಂಟು ವರ್ಷದಿಂದ ಶುಗರ್. ಮೂತ್ರದಲ್ಲಿ ನೊರೆ ಬರುತ್ತಿದೆ ಅಂತ ಅಮ್ಮ ಹೇಳುತ್ತಲೇ ಇದ್ದರು, ಕಿಡ್ನಿಯ ರಕ್ತಪರೀಕ್ಷೆ ಕ್ರಿಯಾಟಿನಿನ್ ಸರಿಯಿದೆ ಅಲ್ವಾ ಅಂತ ನಾವು ಸುಮ್ಮನಿದ್ದೆವು. ಕೊನೆಗೆ ಕಿಡ್ನಿ ಡಾಕ್ಟರು, ಮೂತ್ರದಲ್ಲಿ ಪ್ರೋಟೀನ್ ಎಷ್ಟು ಸೋರುತ್ತಿದೆ ಅಂತ ನೋಡುವ ಎಸಿಆರ್ ಟೆಸ್ಟ್ ಮಾಡಿಸಿದರು. 30ರೊಳಗೆ ಇರಬೇಕಾದದ್ದು 410 ಇತ್ತು. ಬಿಪಿಗೆ ಟೆಲ್ಮಿಸಾರ್ಟನ್ ಮೊದಲೇ ನಡೆಯುತ್ತಿತ್ತು, ಅದರ ಜೊತೆ ದಿನಕ್ಕೊಂದು ಡಾಪಾಗ್ಲಿಫ್ಲೋಜಿನ್ 10 ಮಿಲಿಗ್ರಾಂ ಬರೆದರು.

ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು. ರಕ್ತದಿಂದ ಸೋಸಿ ಬಂದ ಸಕ್ಕರೆಯನ್ನು ಕಿಡ್ನಿಯ ಸಣ್ಣ ನಾಳದ ಜೀವಕೋಶಗಳು ಮತ್ತೆ ಒಳಗೆ ಎಳೆದುಕೊಳ್ಳುತ್ತವೆ. ಶುಗರ್ ಜಾಸ್ತಿ ಇದ್ದರೆ ಈ ಕೆಲಸವೂ ಜಾಸ್ತಿ, ಆಕ್ಸಿಜನ್ ಸಾಲದೆ ಜೀವಕೋಶಗಳು ಬಳಲುತ್ತವೆ, ವರ್ಷಗಟ್ಟಲೆ ಹಾಗೇ ನಡೆದರೆ ಅಲ್ಲಿ ಉರಿಯೂತ ಶುರುವಾಗಿ ಕಲೆಗಟ್ಟುತ್ತದೆ. ಈ ಮಾತ್ರೆ ಸಕ್ಕರೆ ಎಳೆದುಕೊಳ್ಳುವ ಆ ಬಾಗಿಲನ್ನೇ ಅರ್ಧ ಮುಚ್ಚುತ್ತದೆ. ಸಕ್ಕರೆ ಮೂತ್ರದಲ್ಲಿ ಹೋಗುತ್ತದೆ, ಸೋಸುವ ಜಾಲರಿಯ ಮೇಲಿನ ಒತ್ತಡವೂ ಇಳಿಯುತ್ತದೆ.

ಇದೇ ಮಾತ್ರೆಯ ಮೇಲೆ 2020ರಲ್ಲಿ ಬಂದ ಡಾಪಾ-ಸಿಕೆಡಿ ಅಧ್ಯಯನದಲ್ಲಿ 4,304 ಜನ ಕಿಡ್ನಿ ರೋಗಿಗಳಿದ್ದರು. ಕಿಡ್ನಿ ತೀರಾ ಕೆಡುವುದು, ಕಿಡ್ನಿ ಅಥವಾ ಹೃದಯದ ಕಾರಣಕ್ಕೆ ಸಾವು, ಇವೆಲ್ಲ ಸೇರಿ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ ಸುಮಾರು 9, ತೆಗೆದುಕೊಳ್ಳದವರಲ್ಲಿ 14ಕ್ಕೂ ಜಾಸ್ತಿ.

ನಮ್ಮ ಮನೆಯಲ್ಲಿ ಆದದ್ದು ಇಷ್ಟು. ಮೊದಲ ತಿಂಗಳು, ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅಂತ ಹೇಳುವ ಇಜಿಎಫ್ಆರ್ 54ರಿಂದ 50ಕ್ಕೆ ಇಳಿಯಿತು, ನನಗೆ ನಿದ್ದೆ ಬರಲಿಲ್ಲ. ಶುರುವಿನಲ್ಲಿ ಸ್ವಲ್ಪ ಇಳಿಯುವುದು ಈ ಮಾತ್ರೆಯ ಸ್ವಭಾವವಂತೆ, ಆಮೇಲೆ ಅಲ್ಲೇ ನಿಂತಿದೆ. ಎಸಿಆರ್ ಈಗ 260. ಮೂತ್ರದ ರಿಪೋರ್ಟಿನಲ್ಲಿ ಮಾತ್ರ ಸಕ್ಕರೆ ಯಾವಾಗಲೂ ನಾಲ್ಕು ಪ್ಲಸ್ ಬರುತ್ತದೆ, ಅದಕ್ಕೆ ಹೆದರಬೇಡಿ, ಮಾತ್ರೆ ಕೆಲಸ ಮಾಡುತ್ತಿದೆ ಅಂತಲೇ ಅರ್ಥ.

ನನಗೆ ಬೇಜಾರಾದದ್ದು ಒಂದೇ. ಬೇಸಿಗೆಯಲ್ಲಿ ಅಪ್ಪನಿಗೆ ವಾಂತಿ ಭೇದಿ ಆಯಿತು, ಊಟ ಸೇರಲಿಲ್ಲ, ಆದರೂ ತಪ್ಪಿಸಬಾರದು ಅಂತ ಮಾತ್ರೆ ನುಂಗಿ, ಬಚ್ಚಲಲ್ಲಿ ತಲೆಸುತ್ತಿ ಗೋಡೆ ಹಿಡಿದು ಕೂತುಬಿಟ್ಟರು. ಅಂಥ ದಿನ ಇದನ್ನು ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಬೇಕು, ಶುಗರ್ 150 ಇದ್ದರೂ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಅಪಾಯದ ಮಟ್ಟಕ್ಕೆ ಏರಬಹುದು ಅಂತ ಔಷಧಿ ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ. ಗುಪ್ತಾಂಗದಲ್ಲಿ ತುರಿಕೆಯೂ ಬರಬಹುದು, ನಾಚಿಕೆಪಟ್ಟು ಮುಚ್ಚಿಡಬೇಡಿ.

2020ರಲ್ಲಿ ಪೇಟೆಂಟ್ ಮುಗಿದ ಮೇಲೆ ನಮ್ಮ ದೇಶದ ಕಂಪನಿಗಳೂ ಮಾಡುತ್ತಿವೆ, ಬೆಲೆ ಚೆನ್ನಾಗಿ ಇಳಿದಿದೆ. ಈ ಮಾತ್ರೆಗೆ ನಾನು ಕೊಡುವ ಅಂಕ 5ಕ್ಕೆ 4. ಡಾಕ್ಟರನ್ನು ಕೇಳದೆ ಮಾತ್ರ ಶುರು ಮಾಡಬೇಡಿ, ಮನೆಯಲ್ಲಿ ಶುಗರ್ ಇರುವವರಿದ್ದರೆ ಎಸಿಆರ್ ಟೆಸ್ಟ್ ಅನ್ನು ಈ ವಾರವೇ ಮಾಡಿಸಿ.